ಕರಿ ಎರಡನೆಯ ಮನೆ

ನಾನು ಸಣ್ಣವಳಿದ್ದಾಗ ದೊಡವಾಡದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ನನ್ನ ಗದ್ದ ಹಿಡಿದು, "ಯಾರ ಪೈಕಿ ಹುಡುಗಿಯವಾ ನೀ? ನಿಮ್ಮ ಮನಿ ಯಾವ್ದು?" ಎಂದು ಕೇಳಿದಳು. ನಾನು "ಕರಿ ಎರಡು" ಅಂದೆ. ಮುದುಕಿ ಕಕ್ಕಾಬಿಕ್ಕಿಯಾಗಿ ಗದ್ದ ಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕೇ ನಕ್ಕಳು.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಅದರಲ್ಲಿ ಬೆರಳಿಡುವ ಒಂದೊಂದು ಪಟ್ಟಿಗೂ ಮನೆ ಎಂದು ಹೆಸರು. ಬಿಳಿಯವು ಬಿಳಿ ಮನೆ, ಕರಿಯವು ಕರಿ ಮನೆ. ಭಜನೆಗೆ ಕುಳಿತ ಹಾಡುಗಾರನನ್ನು ಪೇಟಿಯವನು ಮೊದಲು ಕೇಳುವುದೇ "ಯಾವ ಮನೀರಿ?" ಎಂದು. ಅವನು ಬಿಳಿ ನಾಲ್ಕು ಎಂದೋ ಕರಿ ಒಂದು ಎಂದೋ ಹೇಳಿದರೆ ಹಾಡು ಅಲ್ಲಿಂದ ಶುರು. ನಮ್ಮ ಪಡಸಾಲೆಯಲ್ಲಿ ವಾರವಾರವೂ ಈ ಪ್ರಶ್ನೆ ಕೇಳುತ್ತ ಬೆಳೆದವಳು ನಾನು. ಮನೆ ಯಾವುದು ಎಂಬ ಪ್ರಶ್ನೆಗೆ ಬೇರೆ ಥರದ ಉತ್ತರವೂ ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ಅಂದು ಹೇಳಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಮನೆಯ ಹಿಂದೆಯೇ ಹಿಟ್ಟಿನ ಗಿರಣಿ ಇತ್ತು. ಅದು ಶುರುವಾಯಿತೆಂದರೆ ನನ್ನ ಹಲ್ಲಿನ ಬೇರಿನಲ್ಲಿ ಏನೋ ಕೊರೆದಂತಾಗುತ್ತಿತ್ತು. ತಲೆಯನ್ನು ಗೋಡೆಗೆ ಜಜ್ಜಿಕೊಳ್ಳುತ್ತಿದ್ದೆ. ಓಣಿಯವರು ಗಾಳಿ ಸೋಕಿದೆ ಎಂದರು. ಹಣೆಗೆ ಮಠದ ಅಂಗಾರ ಹಚ್ಚಿದರು, ದರ್ಗಾದ ತಾಯಿತ ಕಟ್ಟಿದರು. ಪಾಪ, ಯಾವ ದೇವರನ್ನೂ ಬಿಡಲಿಲ್ಲ. ಗಿರಣಿಯಿಂದ ನನ್ನನ್ನು ದೂರ ಒಯ್ಯುವ ವಿಚಾರ ಮಾತ್ರ ಯಾರ ತಲೆಗೂ ಬರಲಿಲ್ಲ.

ಅಪ್ಪ ಭಜನಿ ಮೇಳದ ಹಿರಿಯ. ಗುಡಿಯಲ್ಲಿಟ್ಟರೆ ಇಲಿ ಕಡಿಯುತ್ತವೆಂದು ಮೇಳದ ಪೇಟಿ ನಮ್ಮ ಪಡಸಾಲೆಯ ಮೂಲೆಯಲ್ಲೇ ಇರುತ್ತಿತ್ತು. ಒಂದು ದಿನ ಗಿರಣಿ ಶುರುವಾದಾಗ ನಾನು ತೆವಳಿಕೊಂಡು ಹೋಗಿ ಆ ಪೇಟಿಯ ಮೇಲೆ ಕೆನ್ನೆಯಿಟ್ಟು ಒರಗಿದೆನಂತೆ. ನನ್ನನ್ನು ಎತ್ತಲು ಬಂದ ಅವ್ವನ ಕೈ ತಗುಲಿ ಗಾಳಿ ತುಂಬುವ ತಿದಿ ಒತ್ತಿಕೊಂಡಿತು. ನನ್ನ ಕೆನ್ನೆಯ ಎಲುಬಿನ ಕೆಳಗೆ ಒಂದು ಮನೆ ಅದುಮಿತ್ತು. ಸ್ವರ ಎದ್ದಿತು. ನಾನು ಅಳು ನಿಲ್ಲಿಸಿದೆ. ಅವ್ವ ಕೈ ತೆಗೆದಳು, ನಾನು ಮತ್ತೆ ಕಿರುಚಿದೆ. ಗಿರಣಿ ನಿಲ್ಲುವ ತನಕ ಅವ್ವ ಅಲ್ಲೇ ಕುಳಿತು ತಿದಿ ಒತ್ತಿದಳು. ಆಗ ನನ್ನ ಕೆನ್ನೆಯ ಕೆಳಗಿದ್ದದ್ದು ಕರಿ ಎರಡು.

ಅಲ್ಲಿಂದ ಪೇಟಿಯೇ ನನ್ನ ಬಾಯಿ ಆಯಿತು. ನನಗೆ ಮಾತು ಬರುವುದಿಲ್ಲ ಎಂದು ಜನ ಹೇಳುತ್ತಾರೆ, ಅದು ಸುಳ್ಳು. ಮಾತು ಬರುತ್ತದೆ, ಬೇಕಾದ ಹೊತ್ತಿಗೆ ಬರುವುದಿಲ್ಲ ಅಷ್ಟೆ. ಇಬ್ಬರಿಗಿಂತ ಹೆಚ್ಚು ಜನ ಸೇರಿದರೆ, ಹೊಟ್ಟೆ ನೋಯುತ್ತಿದ್ದರೆ, ಯಾರಾದರೂ ಕಣ್ಣಲ್ಲಿ ಕಣ್ಣಿಟ್ಟು "ಹೇಳು, ಹೇಳು" ಎಂದು ದುಂಬಾಲು ಬಿದ್ದರೆ, ಗಂಟಲು ಕೀಲಿ ಹಾಕಿದ ಹಾಗೆ ಆಗುತ್ತದೆ. ಆಗ ಪೇಟಿಯ ಮುಂದೆ ಕೂರುತ್ತಿದ್ದೆ. ಹಸಿವಾದರೆ ಬಿಳಿ ಒಂದು. ಎಲ್ಲಾದರೂ ನೋವಿದ್ದರೆ ಪಕ್ಕಪಕ್ಕದ ಎರಡು ಮನೆ ಒಟ್ಟಿಗೆ, ಅದು ಕೇಳಲು ಭಾಳ ಕೆಟ್ಟದಾಗಿರುತ್ತದೆ, ನೋವಿನ ಹಾಗೆಯೇ. ಸಾಕಾಗಿದೆ, ನನ್ನನ್ನು ಇಲ್ಲಿಂದ ಮನೆಗೆ ಕರೆದುಕೊಂಡು ಹೋಗು ಎಂದರೆ ಕರಿ ಎರಡು, ಬೆರಳೆತ್ತದೆ.

ಇದನ್ನು ಯಾರೂ ಕಲಿಸಲಿಲ್ಲ. ನಾನು ಒತ್ತಿದೆ, ಅವ್ವ ತಿಳಿದುಕೊಂಡಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು, "ಏನಂತೀ? ಹೂನ್, ಕೇಳ್ತು, ತಡಿ. ಇದೊಂದು ರೊಟ್ಟಿ ಬೇಯ್ಲಿ." ರೊಟ್ಟಿಯ ಸಪ್ಪಳ, ಪೇಟಿಯ ಸ್ವರ, ಮತ್ತೆ ಅವ್ವನ ಉತ್ತರ. ಹೊರಗಿನಿಂದ ಕೇಳುವವರಿಗೆ ಒಬ್ಬಳೇ ಹೆಂಗಸು ತನ್ನಷ್ಟಕ್ಕೆ ಮಾತಾಡುತ್ತಿದ್ದಾಳೆ ಅನ್ನಿಸುತ್ತಿತ್ತು.

ಪುಸ್ತಕದ ಕನ್ನಡದಲ್ಲಿ ಪೇಟಿ ನುಡಿಸುವುದು ಎಂದು ಬರೆಯುತ್ತಾರೆ. ನಮ್ಮ ಕಡೆ ಬಾರಿಸುವುದು ಅನ್ನುತ್ತಾರೆ, ಡೊಳ್ಳಾಗಲಿ ಪೇಟಿಯಾಗಲಿ ಎಲ್ಲವನ್ನೂ ಬಾರಿಸುವುದೇ. ನನ್ನ ವಿಷಯದಲ್ಲಿ ಅವ್ವ ಈ ಎರಡು ಶಬ್ದಗಳಲ್ಲಿ ಒಂದನ್ನೂ ಬಳಸಿದವಳಲ್ಲ. "ಇಕಿ ಏನೋ ಅನ್ನಾಕ ಹತ್ಯಾಳ" ಎಂದೇ ಹೇಳುತ್ತಿದ್ದಳು. ಚಂದ ಬಾರಿಸಿದಿ ಎಂದು ಒಂದು ದಿನವೂ ಹೊಗಳಲಿಲ್ಲ. ನೀರು ಕೊಡು ಅಂದವರನ್ನು ಎಷ್ಟು ಚಂದ ಅಂದಿರಿ ಎಂದು ಯಾರಾದರೂ ಹೊಗಳುತ್ತಾರೆಯೇ? ನೀರು ಕೊಡುತ್ತಾರೆ. ಅವ್ವ ನನಗೆ ನೀರು ಕೊಟ್ಟಳು.

ದೊಡ್ಡವಳಾದ ಮೇಲೆ ಧಾರವಾಡದ ಡಾಕ್ಟರೊಬ್ಬರು ನನಗಿರುವುದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ಅವ್ವ ಗಾಬರಿಯಾಗಿ, "ಆಟದ್ದೇನಾದ್ರೂ ಜಡ್ಡೇನ್ರಿ? ಇಕಿ ಸಣ್ಣಾಕಿದ್ದಾಗ ಆಟಾನ ಆಡ್ಲಿಲ್ಲಲ್ರೀ" ಅಂದಳು. ಡಾಕ್ಟರು ನಕ್ಕರು. ಇದು ಜಡ್ಡು ಅಲ್ಲ, ಹುಟ್ಟಿನಿಂದಲೇ ಇರುವ ರೀತಿ, ಔಷಧಿ ಇಲ್ಲ ಎಂದು ಸಮಾಧಾನವಾಗಿ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಅವಳು ಕೇಳಿಸಿಕೊಂಡದ್ದು ಔಷಧಿ ಇಲ್ಲ ಎಂಬುದೊಂದೇ.

ಪೇಟಿಯನ್ನು ಕ್ರಮವಾಗಿ ಕಲಿಸಿದವರು ಸಂಪಗಾಂವದ ಮಾಸ್ತರು. ಪೇಟಿ ರಿಪೇರಿಯೂ ಅವರದೇ ಕೆಲಸ. ಮುಸಲ್ಮಾನರ ಮನೆಯವರು, ಆದರೆ ಸುತ್ತಲಿನ ಯಾವ ಭಜನಿ ಮೇಳವೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಸಿಡುಕು ಸ್ವಭಾವ. ಒಂದು ರಾಗವನ್ನು ನಾನು ಒಂದೇ ಸಲ ಕೇಳಿ ಹಿಡಿದರೆ ಹುಬ್ಬು ಹಾರಿಸುತ್ತಿದ್ದರು. ಭಜನೆಯ ನಡುವೆ ತಾಳದ ಸಪ್ಪಳ ತಡೆಯಲಾಗದೆ ನಾನು ಕರಿ ಎರಡು ಹಿಡಿದು ಕುಳಿತರೆ ಮಾತ್ರ ಕೆಂಡವಾಗುತ್ತಿದ್ದರು. "ಹಾಡಾವ್ರು ಬಿಳಿ ನಾಲ್ಕರಾಗ ಅದಾರ, ನೀ ಅಲ್ಲಿ ಹೋಗಿ ಠಿಕಾಣಿ ಹೂಡಿದ್ರ ಅವ್ರು ಎಲ್ಲಿ ಹೋಗಿ ಸಾಯ್ಬೇಕವಾ?" ಎಂದು ಬೈಯುತ್ತಿದ್ದರು. ಆಗ ಹೆಂಗಸರ ಸಾಲಿನಿಂದ ಅವ್ವ ಎದ್ದು ಬರುತ್ತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಮಾಸ್ತರ, ಆಕಿಗೆ ಸಾಕಾಗೇತ್ರಿ" ಎಂದು ನನ್ನ ರಟ್ಟೆ ಹಿಡಿದು, "ನಡಿ ಮನಿಗೆ" ಅನ್ನುತ್ತಿದ್ದಳು. ನಾವು ನಡೆಯುತ್ತಿದ್ದೆವು. ಜಗತ್ತಿನಲ್ಲಿ ನಾನು ಹೇಳಿದ ಮಾತು ಹೇಳಿದ ಹಾಗೆ ನಡೆಯುತ್ತಿದ್ದದ್ದು ಅಷ್ಟೇ, ಅದೊಂದೇ.

ಪೇಟಿಯ ಹುಡುಗಿ ಎಂದು ಹೆಸರಾಯಿತು. ಸವದತ್ತಿ ಕಡೆಯ ಊರುಗಳಿಂದ, ಕಿತ್ತೂರಿನಿಂದ ಕರೆ ಬಂದವು. ಅದರ ಜೊತೆಗೆ ಬಿರುದುಗಳೂ ಬಂದವು. ಸಣ್ಣವಳಿದ್ದಾಗ ಹುಚ್ಚಿ ಅನ್ನುತ್ತಿದ್ದರು, ಆಮೇಲೆ ದೇವರ ಮಗು ಎಂದರು, ಈಗ ವಿಶೇಷ ಚೇತನ ಅನ್ನುತ್ತಾರೆ. ವಿಶೇಷ ಎಂಬುದು ಖಾನಾವಳಿಯ ಹಲಗೆಯ ಮೇಲೆ ಬರೆಯುವ ಮಾತು ಎಂದುಕೊಂಡಿದ್ದೆ, ಇಂದಿನ ವಿಶೇಷ ಹೋಳಿಗೆ ಎಂದು. ಮೂರು ಹೆಸರಿಗೂ ಜನ ಮಾಡುತ್ತಿದ್ದದ್ದು ಒಂದೇ. ನನ್ನ ತಲೆಯ ಮೇಲಿಂದ ಅವ್ವನನ್ನು ನೋಡಿ ಕೇಳುತ್ತಿದ್ದರು: "ಊಟ ಮಾಡ್ತಾಳೇನ್ರಿ ಇಕಿ?" ಬಾಯಿ ನನ್ನದು, ಹೊಟ್ಟೆ ನನ್ನದು, ಪ್ರಶ್ನೆ ಅವ್ವನಿಗೆ.

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಣ್ಣನ ಕೈಗೆ ಬಂತು. ಅಣ್ಣ ಕೆಟ್ಟವನಲ್ಲ. ಅವನ ಹೆಂಡತಿ ವೈನಿಯೂ ಕೆಟ್ಟವಳಲ್ಲ, ನನ್ನ ಬಟ್ಟೆಯನ್ನೂ ಒಗೆದು ಹಾಕುತ್ತಿದ್ದಳು. ಆದರೆ ಇಬ್ಬರಿಗೂ ಪೇಟಿ ಎಂದರೆ ಪೇಟಿ. ನಾನು ಎರಡು ಮನೆ ಒಟ್ಟಿಗೆ ಒತ್ತಿದರೆ ವೈನಿ ಕಿವಿ ಮುಚ್ಚಿಕೊಂಡು, "ಏನರ ಚಲೋದು ಬಾರಸ್ರಲಾ" ಅನ್ನುತ್ತಿದ್ದಳು. ಹಾಗೆ ಅಂದ ಒಂದು ದಿನ ನನ್ನ ವಸಡು ಬಾತು ಕಪಾಳ ಉಬ್ಬಿತ್ತು. ಅವ್ವನಿಗೆ ಮೊಣಕಾಲು ಹಿಡಿದು ಪಡಸಾಲೆಯ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ಒಳಗಿನಿಂದಲೇ ಕೂಗುತ್ತಿದ್ದಳು, "ಆಕಿಗೆ ಎಲ್ಲೋ ನೋವು ಐತಿ, ನೋಡ್ರಿ." ನೋಡಬೇಕಾದವರಿಗೆ ಬೇರೆ ಕೆಲಸವಿತ್ತು.

ಹೀಗಿರುವಾಗ ಕಿತ್ತೂರಿನ ಒಂದು ಕಾರ್ಯಕ್ರಮದಲ್ಲಿ ನನ್ನನ್ನು ನೋಡಿದ ಒಬ್ಬ ಸಾಹೇಬರು ಅಣ್ಣನನ್ನು ಹುಡುಕಿಕೊಂಡು ಮನೆಗೆ ಬಂದರು. ರಾಮದುರ್ಗದ ಆಚೆ ನನ್ನಂಥವರಿಗಾಗಿ ಅವರು ಒಂದು ವಸತಿ ಕೇಂದ್ರ ನಡೆಸುತ್ತಾರೆ. ಊಟ, ವಸತಿ, ಡಾಕ್ಟರು ಎಲ್ಲ ಅಲ್ಲೇ. ನಾನು ಅಲ್ಲಿದ್ದು ಕೇಂದ್ರದ ಕಾರ್ಯಕ್ರಮಗಳಲ್ಲಿ ಪೇಟಿ ನುಡಿಸಬೇಕು. "ನಿಮ್ಮ ಮಗಳ ಪ್ರತಿಭಾ ಇಡೀ ಜಿಲ್ಲಾಕ್ಕ ಗೊತ್ತಾಗ್ಬೇಕ್ರಿ" ಎಂದು ಅವ್ವನಿಗೆ ಹೇಳಿದರು. ನಾನು ಅವರಿಂದ ಒಂದು ಮಾರು ದೂರದಲ್ಲಿ ಕುಳಿತಿದ್ದೆ.

ಇಬ್ಬರಿಗಿಂತ ಹೆಚ್ಚು ಜನರಿದ್ದರು. ಎದ್ದು ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ದೊಡ್ಡದಾಗಿ ಬರೆದೆ: ನಾನು ಹೋಗುವುದಿಲ್ಲ. ಇದು ನನ್ನ ಮನೆ. ಸಾಹೇಬರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಅವರ ಮುಖ ಅರಳಿತು. "ನೋಡ್ರಿಲ್ಲಿ, ಅಕ್ಷರ ಎಷ್ಟ್ ದುಂಡಗ ಅದಾವು! ಒಂದ ಒಂದು ತಪ್ಪಿಲ್ಲ. ಯಾರು ಕಲ್ಸಿದ್ರಿ ಇಕಿಗೆ?" ಎಂದು ಹಾಳೆಯನ್ನು ಅಣ್ಣನಿಗೆ ದಾಟಿಸಿದರು. ಅಣ್ಣ ಓದಿ ಮಡಚಿ ಜೇಬಿಗಿಟ್ಟುಕೊಂಡ.

ಅಂದಿನಿಂದ ನನಗೆ ಹೊಗಳಿಕೆ ಎಂದರೆ ಭಯ. ಬೈದರೆ ಅವರು ಕೇಳಿಸಿಕೊಂಡಿದ್ದಾರೆ ಎಂದಾದರೂ ತಿಳಿಯುತ್ತದೆ. ಮಾಸ್ತರು ಬೈಯುತ್ತಿದ್ದರಲ್ಲ, ಅವರಿಗೆ ಕರಿ ಎರಡು ಕೇಳಿಸುತ್ತಿತ್ತು.

ಅವ್ವ ಆ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ನಾ ಇರೂತನಕ ಸರಿ. ನಾ ಹೋದ ಮ್ಯಾಗ ನೀ ಏನಂತಿ ಅಂತ ಯಾರಿಗ್ ತಿಳೀಬೇಕವಾ?" ಎಂದಳು. ನಾನು, "ಅಲ್ಲಿ ಯಾರಿಗ್ ತಿಳೀತದ?" ಎಂದು ಕೇಳಿದೆ. ಇಬ್ಬರೇ ಇದ್ದೆವು, ಮಾತು ಬಂತು. ಅವ್ವ ಮತ್ತೆ ಎಣ್ಣೆ ಸುರಿದಳು. ಎಣ್ಣೆ ಹೆಚ್ಚಾಗಿ ಕಿವಿಯ ಹಿಂದೆ ಇಳಿಯಿತು, ಸೆರಗಿನಿಂದ ಒರೆಸಿದಳು.

ಬೈಲಹೊಂಗಲದ ಒಂದು ಕಲ್ಯಾಣ ಮಂಟಪದಲ್ಲಿ ಕೇಂದ್ರದವರ ಸಮಾರಂಭ ಇತ್ತು. ಅಲ್ಲಿ ನನ್ನ ಪೇಟಿ, ನನ್ನ ಸತ್ಕಾರ, ಮರುದಿನ ಅಲ್ಲಿಂದಲೇ ರಾಮದುರ್ಗಕ್ಕೆ ಪ್ರಯಾಣ ಎಂದು ಅಣ್ಣ ಹೇಳಿದ. ನಾನು ಹಟ ಮಾಡಲಿಲ್ಲ. ಎಲ್ಲರಿಗೂ ಆಶ್ಚರ್ಯವಾಯಿತು. ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕಾಚಾರವಿತ್ತು. ಕಾಗದ ಜೇಬಿಗೆ ಹೋಗಬಹುದು, ಪಡಸಾಲೆಯಲ್ಲಿ ಹೇಳಿದ್ದು ಪಡಸಾಲೆಯಲ್ಲೇ ಸಾಯಬಹುದು. ಊರ ಮಂದಿಯೆಲ್ಲ ಕುಳಿತ ಮಂಟಪದಲ್ಲಿ, ಮೈಕಿನ ಮುಂದೆ, ಅವ್ವ ಎದುರಿಗಿರುವಾಗ, ನನ್ನ ಮಾತು ನಾನು ಆಡುತ್ತೇನೆ. ಅವ್ವ ಯಾವಾಗಲೂ ಮಾಡಿದ ಹಾಗೆ ಎದ್ದು ಬರುತ್ತಾಳೆ. ಸಾಕಾಗೇತ್ರಿ ಅನ್ನುತ್ತಾಳೆ. ಇಷ್ಟು ಜನರೆದುರು ಅವಳಿಗೆ ಯಾರು ಅಡ್ಡ ಬರುತ್ತಾರೆ? ನಾನು ಅದನ್ನು ಪೂರ್ತಿ ನಂಬಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಂಟಪದ ತುಂಬ ಕುರ್ಚಿ ಎಳೆಯುವ ಸಪ್ಪಳ. ನಿರೂಪಕರು ಮೈಕು ಹಿಡಿದು, "ಮಾತು ಬಾರದ ಈ ಮಗುವಿನ ಬೆರಳಿನಲ್ಲಿ ಸಾಕ್ಷಾತ್ ಸರಸ್ವತಿ ನೆಲೆಸಿದ್ದಾಳೆ" ಎಂದು ಗದ್ಗದಿತರಾದರು. ಬೆಳಿಗ್ಗೆ ಇದೇ ಮನುಷ್ಯನನ್ನು ನಾನು ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದ್ದೆ, ಅವರು ಕೈ ತೋರಿಸಿದ್ದರು. ಮಗು ಎಂದರೆ ನಾನು, ನನ್ನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವ್ವನನ್ನು ಮೊದಲ ಸಾಲಿನಲ್ಲಿ, ಮೆತ್ತನೆಯ ಸೋಫಾದಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಅಣ್ಣ.

ಕಲಿತ ರಾಗವನ್ನು ನಾನು ಶುರು ಮಾಡಲೇ ಇಲ್ಲ. ತಿದಿ ತುಂಬಿಸಿ ಕರಿ ಎರಡರ ಮೇಲೆ ಬೆರಳಿಟ್ಟು ಒತ್ತಿ ಹಿಡಿದೆ. ಎತ್ತಲಿಲ್ಲ. ಮೈಕಿನಲ್ಲಿ ಆ ಸ್ವರ ಮಂಟಪದ ಗೋಡೆಗೋಡೆಗೂ ಹೋಗಿ ನಿಂತಿತು. ಕುರ್ಚಿಯ ಸಪ್ಪಳ ನಿಂತಿತು, ಮಕ್ಕಳ ಗಲಾಟೆ ನಿಂತಿತು. ಅಷ್ಟೊಂದು ಜನ ನನ್ನ ಮಾತಿಗೆ ಸುಮ್ಮನಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಸಾಕು. ನನ್ನ ಮನೆಗೆ ಒಯ್ಯಿರಿ. ಸಾಕು. ನಾನು ಅವ್ವನನ್ನೇ ನೋಡುತ್ತಿದ್ದೆ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸೋಫಾದ ಹಿಡಿಕೆಗೆ ಕೈಯೂರಿ ಅರ್ಧ ಎದ್ದಳು. ನನಗೆ ಎದೆ ಹಗುರಾಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ವಾಹ್!" ಎಂದರು. ಆಮೇಲೆ ಚಪ್ಪಾಳೆ. ಮೊದಲು ಒಂದು ಮೂಲೆಯಿಂದ, ಆಮೇಲೆ ಇಡೀ ಮಂಟಪ. ನಮ್ಮ ಸೀಮೆಯ ಜನಕ್ಕೆ ನಾಟಕದ ಹುಚ್ಚು ಹಳೆಯದು, ಮೆಚ್ಚಿದರೆ ಸುಮ್ಮನಿರುವವರಲ್ಲ. "ವನ್ಸ್ ಮೋರ್!" ಎಂದು ಒಬ್ಬ ಕೂಗಿದ. "ವನ್ಸ್ ಮೋರ್! ವನ್ಸ್ ಮೋರ್!" ಎಂದು ಎಲ್ಲರೂ ಹಿಡಿದರು. ಚಪ್ಪಾಳೆ ನನ್ನ ಹಲ್ಲಿನ ಬೇರಿಗೆ ಇಳಿಯಿತು, ಹಳೆಯ ಗಿರಣಿಯ ಹಾಗೆಯೇ. ತಡೆಯಲು ನನಗೆ ಗೊತ್ತಿದ್ದ ಮನೆ ಒಂದೇ, ಅದನ್ನೇ ಇನ್ನೂ ಗಟ್ಟಿಯಾಗಿ ಒತ್ತಿದೆ. ಚಪ್ಪಾಳೆ ಇನ್ನೂ ಜೋರಾಯಿತು.

ಅಣ್ಣ ಅವ್ವನ ಭುಜದ ಮೇಲೆ ಕೈಯಿಟ್ಟ. ಸಾಹೇಬರು ಶಾಲು ಹಿಡಿದು ಬಂದು, "ಇಂಥಾ ಮಗಳನ್ನ ಹಡದ ತಾಯಿಗೂ ಒಂದು ಸತ್ಕಾರ" ಎಂದು ಅರ್ಧ ಎದ್ದಿದ್ದ ಅವ್ವನಿಗೆ ಹೊದಿಸಿದರು. ಅವ್ವ ಶಾಲಿನ ಅಂಚು ಹಿಡಿದುಕೊಂಡು ಒಮ್ಮೆ ನನ್ನ ಕಡೆ, ಒಮ್ಮೆ ಜನರ ಕಡೆ ನೋಡಿದಳು. ಆಮೇಲೆ ಕುಳಿತಳು. ನನಗೆ ಇವತ್ತಿಗೂ ತಿಳಿಯದ್ದು ಇದು: ಮೊಣಕಾಲು ತಡೆಯದೆ ಕುಳಿತಳೋ, ಕೂರಬೇಕೆಂದು ಕುಳಿತಳೋ.

ಈಗ ನಾನು ಕೇಂದ್ರದಲ್ಲಿದ್ದೇನೆ. ಸುರೇಬಾನದ ಕಡೆ ಹೋಗುವ ಬಸ್ಸುಗಳ ಹಾರನ್ ಕಿಟಕಿಯವರೆಗೆ ಕೇಳುತ್ತದೆ. ಇಲ್ಲಿ ಯಾರೂ ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ. ಹೇಳಿಕೊಳ್ಳಲು ಒಂದು ಅನ್ಯಾಯವಾದರೂ ಇದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಹೊಸ ಪೇಟಿ ಕೊಟ್ಟಿದ್ದಾರೆ, ಒಳ್ಳೆಯ ಪೇಟಿ. ಕಾರ್ಯಕ್ರಮಗಳಲ್ಲಿ ನಾನು ಕಲಿತ ರಾಗ ನುಡಿಸಿದರೆ ಜನರಿಗೆ ಅಷ್ಟು ಸಮಾಧಾನವಿಲ್ಲ, ಆ ಉದ್ದನೆಯ ಸ್ವರ ಬೇಕು. ಸಾಹೇಬರು ಅದಕ್ಕೆ ಧ್ಯಾನಸ್ವರ ಎಂದು ಹೆಸರಿಟ್ಟಿದ್ದಾರೆ. ಕಾರ್ಯಕ್ರಮ ಮುಗಿಯುವುದೇ ಅದರಿಂದ. ನನ್ನನ್ನು ಮನೆಗೆ ಕರೆದೊಯ್ಯಿರಿ ಎಂದು ನಾನು ಅನ್ನುತ್ತೇನೆ, ಮಂದಿ ಕಣ್ಣು ಮುಚ್ಚಿ ತಲೆದೂಗುತ್ತಾರೆ, ಆಮೇಲೆ ತಂತಮ್ಮ ಮನೆಗೆ ಹೋಗುತ್ತಾರೆ.

ನನ್ನ ಕೋಣೆಯಲ್ಲೇ ಇರುವ ಒಬ್ಬ ಹೆಣ್ಣುಮಗಳು ದಿನವೂ ಉಣ್ಣುವ ಗಂಗಾಳದ ಅಂಚಿಗೆ ಚಮಚ ಬಡಿಯುತ್ತಾಳೆ. ಊಟ ಬೇಕೆಂದಲ್ಲ, ಉಂಡ ಮೇಲೂ ಬಡಿಯುತ್ತಾಳೆ. ಅದಕ್ಕೊಂದು ಲಯವಿದೆ, ಒಂದು ಕಡೆ ತಡೆದು ಮತ್ತೆ ಅಲ್ಲಿಂದಲೇ ಹಿಡಿಯುತ್ತಾಳೆ. ಏನೋ ಹೇಳುತ್ತಿದ್ದಾಳೆ ಎಂದು ನನಗೆ ಖಂಡಿತ ಗೊತ್ತು. ಅವಳೆದುರು ಕುಳಿತು ಅವ್ವನ ಹಾಗೆ "ಏನಂತೀ?" ಎಂದು ಎಷ್ಟೋ ಸಲ ಕೇಳಿದ್ದೇನೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳ ಅವ್ವ ಎಲ್ಲಿದ್ದಾಳೋ.

ರವಿವಾರ ಅಣ್ಣ ಫೋನು ಹಚ್ಚಿ ಅವ್ವನ ಕೈಗೆ ಕೊಡುತ್ತಾನೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅದಕ್ಕೇ ಫೋನನ್ನು ಪೇಟಿಯ ಮೇಲಿಟ್ಟು ಕರಿ ಎರಡು ಒತ್ತುತ್ತೇನೆ. ಮೊದಮೊದಲು ಅವ್ವ, "ಕೇಳ್ತವಾ, ಕೇಳ್ತು. ತಡಿ, ಏನರ ಮಾಡೂಣು" ಅನ್ನುತ್ತಿದ್ದಳು. ಆಮೇಲೆ ಬರೀ ಅಳುತ್ತಿದ್ದಳು. ಒಂದು ವಾರ ಅಣ್ಣ ಫೋನು ಇಸಿದುಕೊಂಡು, "ಅವ್ವಗ ತ್ರಾಸ ಆಗ್ತದ. ಆಕಿ ಎರಡ್ ದಿನ ಊಟಾ ಮಾಡೂದಿಲ್ಲ. ಬ್ಯಾರೆ ಏನರ ಬಾರ್ಸು" ಎಂದು ಹೇಳಿದ. ನನ್ನ ಹತ್ತಿರ ಬೇರೆ ಏನಿದೆ?

ಹೋದ ರವಿವಾರ ಮತ್ತೆ ಫೋನು ಬಂತು. ಹಿಂದುಗಡೆ ವೈನಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಫೋನನ್ನು ಪೇಟಿಯ ಮೇಲಿಟ್ಟು ಕರಿ ಎರಡು ಒತ್ತಿ ಹಿಡಿದೆ. ಅವ್ವ ಏನಂತೀ ಎಂದು ಕೇಳುತ್ತಾಳೆಂದು ಕಾದೆ. ಅವ್ವನ ಉಸಿರು ಕೇಳಿಸಿತು. ಆಮೇಲೆ ಅವಳ ದನಿ ಬಂತು, ಪರ ಊರಿನ ನೆಂಟರ ಜೊತೆ ಮಾತಾಡುವಾಗಿನ ದನಿ.

"ಚಂದ ಬಾರಸ್ತೀಯವಾ. ಭಾಳ ಚಂದ ಬಾರಸ್ತೀ."

ನಾನು ಮನೆಯ ಮೇಲಿಂದ ಬೆರಳು ತೆಗೆದೆ.